ಲಾರಿ ಡ್ರೈವರಕಿ ಬಿಡೋದು ಹೇಗೆ? ಐವತ್ತು ದಾಟಿದವರು ಈಗಲೇ ಮಾಡಿಕೊಳ್ಳಬೇಕಾದ ಕೆಲಸಗಳು

ಸರ್ಕಾರಿ ನೌಕರರಿಗೆ 60 ತುಂಬಿದ ತಿಂಗಳು ಶಾಲು ಹೊದಿಸಿ, ಹಾರ ಹಾಕಿ, ಫೋಟೋ ತೆಗೆಸಿ ಮನೆಗೆ ಕಳಿಸುತ್ತಾರೆ. ಲಾರಿ ಡ್ರೈವರ್‌ನನ್ನು ಹಾಗೆ ಯಾರೂ ಕಳಿಸುವುದಿಲ್ಲ. ಮೈ ನಡೆಯೋ ತನಕ ಓಡಿಸು ಅಂತಾರೆ ಮಾಲಕರು, ಇನ್ನೊಂದು ವರ್ಷ ನೋಡೋಣ ಅಂತೀವಿ ನಾವು. ಹಾಗೇ ದಿನ ತಳ್ಳುತ್ತಾ ಹೋಗಿ, ಒಂದು ದಿನ ಶುಗರ್ ಏರಿ ಯಾವುದೋ ಪರಊರಿನ ಆಸ್ಪತ್ರೆಯಲ್ಲಿ ಮಲಗಿದಾಗಲೋ, ಮಾಲಕರು ಗಾಡಿ ಮಾರಿ ಕೈತೊಳೆದುಕೊಂಡಾಗಲೋ ಡ್ರೈವರಕಿ ಮುಗಿಯುತ್ತದೆ. ಆಗ ಪಿಎಫ್ ನಂಬರ್ ಕೇಳಿದರೆ ಗೊತ್ತಿಲ್ಲ, ಹಳೇ ಕೇಸು ಏನಾಯ್ತು ಗೊತ್ತಿಲ್ಲ, ಬ್ಯಾಂಕ್ ಪಾಸ್‌ಬುಕ್ ಕ್ಯಾಬಿನ್‌ನಲ್ಲೇ ಉಳೀತು.

ನಾನು ವಿಜಯಪುರದ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಡ್ರೈವರ್‌ಗಳ ಕಾಗದಪತ್ರ ನೋಡುವವನು. ಅದಕ್ಕೂ ಮೊದಲು ಸ್ಟೇರಿಂಗ್ ಹಿಡಿದವನೇ. ಇಳಕಲ್ ಗ್ರಾನೈಟು, ಮುಧೋಳದ ಸಕ್ಕರೆ, ಇಂಡಿ ತಾಲೂಕಿನ ನಿಂಬೆ, ನಮ್ಮ ಎಪಿಎಂಸಿಯ ಉಳ್ಳಾಗಡ್ಡಿ ಹೇರಿಕೊಂಡು ಹೋಗುವ ಎಲ್ಲರಿಗೂ ನಾನು ಹೇಳುವುದು ಒಂದೇ ಮಾತು. ಬಿಡೋ ತಾರೀಖು ನೀವೇ ಗೊತ್ತು ಮಾಡಿಕೊಳ್ಳಿ, ಅದಕ್ಕೆ ಎರಡು ಮೂರು ವರ್ಷ ಇರುವಾಗಲೇ ಕಾಗದದ ಕೆಲಸ ಶುರು ಮಾಡಿ.

ತಾರೀಖು ಲೈಸನ್ಸ್‌ನಲ್ಲೇ ಇದೆ

ಲೈಸನ್ಸ್ ತೆಗೆದು ನೋಡಿ. ಅದರಲ್ಲಿ ಎರಡು ವಾಯಿದೆ ಇರುತ್ತವೆ, ಟ್ರಾನ್ಸ್‌ಪೋರ್ಟ್‌ಗೆ ಒಂದು, ಸ್ವಂತ ಗಾಡಿಗೆ ಒಂದು. 2019ರ ತಿದ್ದುಪಡಿ ಬಂದ ಮೇಲೆ ಟ್ರಾನ್ಸ್‌ಪೋರ್ಟ್ ಲೈಸನ್ಸ್ 5 ವರ್ಷಕ್ಕೊಮ್ಮೆ ರಿನ್ಯೂವಲ್, ಮೊದಲು 3 ವರ್ಷ ಇತ್ತು. ಪೆಟ್ರೋಲ್, ಗ್ಯಾಸ್ ಟ್ಯಾಂಕರ್ ಓಡಿಸುವವರಿಗೆ 3 ವರ್ಷ, ಜೊತೆಗೆ ಒಂದು ದಿನದ ಟ್ರೇನಿಂಗ್. ಅಂದರೆ 55ರ ಆಸುಪಾಸಿನಲ್ಲಿ ಒಮ್ಮೆ ರಿನ್ಯೂವಲ್ ಮಾಡಿಸಿದರೆ ಅದು ನಿಮ್ಮನ್ನು 60ರ ಹತ್ತಿರ ತಂದು ಬಿಡುತ್ತದೆ. ಆ ಕೊನೇ ತಾರೀಖನ್ನೇ ನಿಮ್ಮ ರಿಟೈರ್ಮೆಂಟ್ ತಾರೀಖು ಅಂತ ಇಟ್ಟುಕೊಳ್ಳಿ. ಅಷ್ಟು ಸಾಕು, ಪಂಚಾಂಗ ನೋಡಬೇಕಾಗಿಲ್ಲ.

ವಾಯಿದೆ ಮುಗಿದ ಮೇಲೆ ಮೊದಲು 30 ದಿನ ರಿಯಾಯಿತಿ ಇತ್ತು, ಈಗ ಅದಿಲ್ಲ. ಮುಗಿದ ಮರುದಿನ ಓಡಿಸಿದರೂ ಲೈಸನ್ಸ್ ಇಲ್ಲದೆ ಓಡಿಸಿದ ಲೆಕ್ಕವೇ. ಒಂದು ವರ್ಷ ದಾಟಿದರೆ ಮತ್ತೆ ಟೆಸ್ಟ್ ಕೊಡಬೇಕು. ಈ ವಯಸ್ಸಿನಲ್ಲಿ ಯಾರಿಗೆ ಬೇಕು ಆ ತಾಪತ್ರಯ? ವಾಯಿದೆಗೆ ಒಂದು ವರ್ಷ ಇರುವಾಗಲೇ ಲೈಸನ್ಸ್ ಕೆಲಸಕ್ಕಿರುವ ಸರ್ಕಾರದ ವೆಬ್‌ಸೈಟ್ ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು.

ಡ್ರೈವರಕಿ ಬಿಟ್ಟ ಮೇಲೂ ಲೈಸನ್ಸ್ ಪೂರ್ತಿ ಬಿಟ್ಟುಬಿಡಬೇಡಿ. ಟ್ರಾನ್ಸ್‌ಪೋರ್ಟ್ ಹೋದರೆ ಹೋಗಲಿ, ಬೈಕು ಕಾರಿನದು ರಿನ್ಯೂವಲ್ ಮಾಡಿಸುತ್ತಾ ಇರಿ. 55 ದಾಟಿದವರಿಗೆ ಅದೂ 5 ವರ್ಷಕ್ಕೊಮ್ಮೆ.

ಕಣ್ಣಿಗೆ ಮೋಸ ಮಾಡಬೇಡಿ

ರಿನ್ಯೂವಲ್‌ಗೆ ಫಾರ್ಮ್ 1ಎ ಬೇಕು, ಡಾಕ್ಟರ್ ಸಹಿ ಮಾಡುವ ಮೆಡಿಕಲ್ ಸರ್ಟಿಫಿಕೇಟ್. ಅದನ್ನು ಹೇಗೆ ತರುತ್ತಾರೆ ಅನ್ನೋದು ನಿಮಗೂ ಗೊತ್ತು, ನನಗೂ ಗೊತ್ತು. ಆದರೆ ಆ ಫಾರ್ಮ್‌ನಲ್ಲಿ ಒಂದು ಒಳ್ಳೆ ಪ್ರಶ್ನೆ ಇದೆ. ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟ್ ಓದಲು ಬರುತ್ತದೆಯೇ ಅಂತ. ಇದನ್ನು ನೀವೇ ನೋಡಿಕೊಳ್ಳಿ. ಸಾಲಾಗಿ ನಿಂತ ಲಾರಿಗಳ ಹಿಂದೆ ಎರಡು ದೊಡ್ಡ ಗಾಡಿಯಷ್ಟು ಉದ್ದ ಬಿಟ್ಟು ನಿಂತು, ಕನ್ನಡಕ ಇದ್ದರೆ ಹಾಕಿಕೊಂಡು, ಒಂದೊಂದೇ ಕಣ್ಣು ಮುಚ್ಚಿ ಓದಿ. 3 ಯಾವುದು 8 ಯಾವುದು ಅಂತ ಅನುಮಾನ ಬಂದರೆ ಮುಂದಿನ ಟ್ರಿಪ್‌ಗೆ ಮೊದಲು ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ.

ರಾತ್ರಿಯ ಕಥೆ ಬೇರೆ. ಕಣ್ಣಿನಲ್ಲಿ ಪೊರೆ ಬರೋದು ಮೊದಮೊದಲು ಹಗಲಲ್ಲಿ ಗೊತ್ತಾಗುವುದಿಲ್ಲ, ರಾತ್ರಿ ಗೊತ್ತಾಗುತ್ತದೆ. ಎದುರಿನ ಗಾಡಿಯ ಲೈಟಿನ ಸುತ್ತ ದೊಡ್ಡ ಬಳೆ ಕಾಣಿಸುತ್ತದೆ, ಅದು ದಾಟಿ ಹೋದ ಮೇಲೂ ಒಂದೆರಡು ಕ್ಷಣ ರಸ್ತೆ ಕಪ್ಪಗಾಗಿರುತ್ತದೆ. ಕೊಲ್ಹಾರ ಸೇತುವೆ ದಾಟಿ ಬೀಳಗಿ ಕಡೆ ಬರುವಾಗ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂದರೆ, ಹಿಂದಿನ ಟ್ರೇಲರ್‌ಗೆ ಲೈಟೇ ಇಲ್ಲದಿದ್ದರೆ, ಆ ಒಂದೆರಡು ಕ್ಷಣ ಏನು ಅಂತ ಅನುಭವಿಸಿದವರಿಗೇ ಗೊತ್ತು. ರಾತ್ರಿ ಎದುರು ಲೈಟ್ ಬಂದಾಗಲೆಲ್ಲ ಕಾಲು ತಾನಾಗಿ ಬ್ರೇಕ್ ಮೇಲೆ ಹೋಗುತ್ತಿದೆ, ಬಿಳಿ ಪಟ್ಟಿ ಹಿಡಿದುಕೊಂಡೇ ಹೋಗುತ್ತಿದ್ದೀರಿ ಅಂದರೆ ಮೊದಲು ರಾತ್ರಿ ಓಡಿಸೋದು ಬಿಡಿ. ಪೊರೆ ಆಪರೇಶನ್ ಜಿಲ್ಲಾಸ್ಪತ್ರೆಗಳಲ್ಲಿ ಪುಕ್ಕಟೆ ಆಗುತ್ತದೆ.

ಬಿಪಿ, ಶುಗರ್ ವಿಷಯ ಜಾಸ್ತಿ ಹೇಳಲ್ಲ, ನಿಮ್ಮ ಮನೆಯವರು ಹೇಳಿ ಹೇಳಿ ಸಾಕಾಗಿರುತ್ತಾರೆ. ಒಂದೇ ಮಾತು: ಟ್ರಿಪ್ ಮೇಲೆ ಇರುವಾಗ ಗುಳಿಗೆ ಬಿಟ್ಟು, ಊರಿಗೆ ಬಂದಾಗ ತಗೊಳ್ಳೋ ಚಾಳಿ ಇದೆಯಲ್ಲ, ಅದು ಗುಳಿಗೆ ತಗೊಂಡಂತೆ ಅಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿ, ಶುಗರ್ ಗುಳಿಗೆ ಪುಕ್ಕಟೆ ಕೊಡುತ್ತಾರೆ, ಒಂದು ತಿಂಗಳಿನದು ಒಟ್ಟಿಗೆ ಕೇಳಿ ತಗೊಳ್ಳಿ. ಕ್ಯಾಬಿನ್‌ನಲ್ಲಿ ಕೂತು ಜೋರಾಗಿ ಗೊರಕೆ ಹೊಡೆದು ದಢಕ್ಕನೆ ಏಳುವವರು, ಹಗಲಲ್ಲೂ ಸ್ಟೇರಿಂಗ್ ಮೇಲೆ ಜೊಂಪು ಹತ್ತುವವರು ಅದನ್ನೂ ಡಾಕ್ಟರ್‌ಗೆ ಹೇಳಿ. ಅದು ದಣಿವಲ್ಲ, ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಇರಬಹುದು. 2025ರ ಅಕ್ಟೋಬರ್ 1ರ ನಂತರ ತಯಾರಾದ ದೊಡ್ಡ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ ಆಗಿದೆ. ನಮ್ಮ ವಯಸ್ಸೆಲ್ಲ ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ಇಂಜಿನ್ ಕಾವಿನ ಮೇಲೆ ಕೂತು ಹೋಯ್ತು. ಇರಲಿ, ಹುಡುಗರಾದರೂ ತಂಪಾಗಿರಲಿ.

ಪಿಎಫ್ ಇದೆಯೋ ಇಲ್ಲವೋ, ಮೊದಲು ನೋಡಿ

ಒಂದೆರಡು ಗಾಡಿ ಇರುವ ಮಾಲಕರ ಹತ್ತಿರ ದುಡಿದವರಿಗೆ ಪಿಎಫ್ ಇರುವುದಿಲ್ಲ. 20 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಮಾತ್ರ ಕಡ್ಡಾಯ. ಆದರೆ ನೀವು ಯಾವಾಗಲೋ ನಾಲ್ಕು ವರ್ಷ ಸಕ್ಕರೆ ಕಾರ್ಖಾನೆಯ ಗಾಡಿ, ಐದು ವರ್ಷ ದೊಡ್ಡ ಟ್ರಾನ್ಸ್‌ಪೋರ್ಟ್ ಕಂಪನಿ ಗಾಡಿ ಓಡಿಸಿದ್ದರೆ ಅಲ್ಲಿ ಕಟ್ಟಿರಬಹುದು. ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಯುಎಎನ್, ಅಂದರೆ ಪಿಎಫ್‌ನ ಖಾಯಂ ನಂಬರ್ ಹಾಕಿ ನೋಡಿ. ಯುಎಎನ್ ಗೊತ್ತಿಲ್ಲದಿದ್ದರೆ ಹಳೇ ಸಂಬಳದ ಚೀಟಿ ಹುಡುಕಿ, ಇಲ್ಲವೇ ಹಳೇ ಆಫೀಸಿಗೆ ಹೋಗಿ ಕೇಳಿ. ಆ ಆಫೀಸು ಇನ್ನೂ ಇರುವಾಗಲೇ ಹೋಗಿ. ಟ್ರಾನ್ಸ್‌ಪೋರ್ಟ್ ಕಂಪನಿಗಳು ಬಾಗಿಲು ಹಾಕೋದಕ್ಕೆ ಹೆಚ್ಚು ದಿನ ಬೇಕಾಗಿಲ್ಲ.

ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದರೆ, ಪಿಎಫ್ ಜೊತೆ ಬರುವ ಪಿಂಚಣಿಗೆ ಒಟ್ಟು 10 ವರ್ಷದ ಸರ್ವಿಸ್ ಬೇಕು, ಅದು ಒಂದೇ ಕಡೆ ಆಗಬೇಕಾಗಿಲ್ಲ. ಬೇರೆ ಬೇರೆ ಕಡೆಯ ಖಾತೆ ಒಂದೇ ಯುಎಎನ್‌ಗೆ ಕೂಡಿಸಿದರೆ ಸರ್ವಿಸ್ ಸೇರುತ್ತದೆ. ಆರು ತಿಂಗಳ ಮೇಲಿನದು ಒಂದು ವರ್ಷ ಅಂತ ಲೆಕ್ಕ, ಹಾಗಾಗಿ ಒಂಬತ್ತೂವರೆ ವರ್ಷ ಇದ್ದರೂ ನಡೆಯುತ್ತದೆ. ಎಂಟು ವರ್ಷ ಆಗಿದೆ ಅಂತ ಬೇಸತ್ತು ಪಿಂಚಣಿ ದುಡ್ಡು ಹಿಂದೆ ತಗೊಂಡುಬಿಟ್ಟರೆ ಕಥೆ ಮುಗೀತು. ಅಂಥವರು ಇನ್ನೆರಡು ವರ್ಷ ಪಿಎಫ್ ಇರುವ ಕಡೆ ಕೆಲಸ ಹಿಡಿಯೋದು ವಾಸಿ, ಸಂಬಳ ಒಂದೆರಡು ಸಾವಿರ ಕಡಿಮೆ ಆದರೂ ಸರಿ.

58ಕ್ಕೆ ಪಿಂಚಣಿ ಶುರು. ಲೆಕ್ಕ ಸುಲಭ: ಪಿಂಚಣಿಗೆ ಲೆಕ್ಕ ಹಿಡಿಯುವ ಸಂಬಳವನ್ನು ಸರ್ವಿಸ್ ವರ್ಷದಿಂದ ಗುಣಿಸಿ 70ರಿಂದ ಭಾಗಿಸಿ. 15,000 ಸಂಬಳ, 12 ವರ್ಷ ಅಂದರೆ ತಿಂಗಳಿಗೆ ಸುಮಾರು 2,571. ಎಷ್ಟೇ ಕಡಿಮೆ ಬಂದರೂ 1,000ಕ್ಕೆ ಇಳಿಯಬಾರದು ಅಂತ 2014ರಿಂದ ನಿಯಮ ಇದೆ. ದೊಡ್ಡ ದುಡ್ಡಲ್ಲ, ಆದರೆ ಸಾಯೋ ತನಕ ಬರುತ್ತದೆ, ಆಮೇಲೆ ಹೆಂಡತಿಗೂ ಬರುತ್ತದೆ. ಅರ್ಜಿ ಫಾರ್ಮ್ 10ಡಿ.

ಇಲ್ಲಿ ನಮ್ಮ ಕಡೆಯ ದೊಡ್ಡ ರಗಳೆ ಹುಟ್ಟಿದ ತಾರೀಖು. ನಮ್ಮ ವಯಸ್ಸಿನವರಲ್ಲಿ ಅರ್ಧ ಜನ ಜೂನ್ 1ಕ್ಕೇ ಹುಟ್ಟಿದ್ದೇವೆ ಅಲ್ವಾ, ಮಾಸ್ತರರ ಕೃಪೆ. ಶಾಲೆ ದಾಖಲೆಯಲ್ಲಿ ಒಂದು, ಆಧಾರ್‌ನಲ್ಲಿ ಒಂದು, ಲೈಸನ್ಸ್‌ನಲ್ಲಿ ಇನ್ನೊಂದು. ಹೆಸರೂ ಹಾಗೇ, ಒಂದರಲ್ಲಿ ಬಸಪ್ಪ, ಇನ್ನೊಂದರಲ್ಲಿ ಬಸವರಾಜ. ಪಿಎಫ್ ಅರ್ಜಿ ತಿರುಗಿ ಬರೋದು ಬಹುತೇಕ ಇದೇ ಕಾರಣಕ್ಕೆ. 57ರಲ್ಲಿ ಓಡಾಡೋ ಬದಲು 53ರಲ್ಲೇ ಆಧಾರ್, ಪ್ಯಾನ್, ಪಿಎಫ್, ಬ್ಯಾಂಕ್ ಎಲ್ಲದರಲ್ಲೂ ಒಂದೇ ಹೆಸರು, ಒಂದೇ ತಾರೀಖು ಮಾಡಿಸಿಕೊಳ್ಳಿ.

10 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ 5 ವರ್ಷ ಸತತ ದುಡಿದಿದ್ದರೆ ಗ್ರಾಚ್ಯುಟಿಯೂ (ಕೆಲಸ ಬಿಡುವಾಗ ಕೊಡುವ ಇಡುಗಂಟು) ಬರಬೇಕು, ವರ್ಷಕ್ಕೆ 15 ದಿನದ ಸಂಬಳ. ತಿಂಗಳ ಸಂಬಳ 12,000 ಇದ್ದು 10 ವರ್ಷ ಆಗಿದ್ದರೆ, 26ರಿಂದ ಭಾಗಿಸಿ 15ರಿಂದ ಗುಣಿಸಿ, ಹತ್ತು ಪಟ್ಟು ಮಾಡಿ. ಸುಮಾರು 69,000. ಟ್ರಿಪ್ ಭತ್ಯೆ ಸಾಮಾನ್ಯವಾಗಿ ಇದರಲ್ಲಿ ಸೇರುವುದಿಲ್ಲ. ಕೇಳೋಕೆ ನಾಚಿಕೆ ಬೇಡ, ಅದು ಮಾಲಕರು ಕೊಡುವ ಖುಷಿಯ ದುಡ್ಡಲ್ಲ. ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಇದ್ದವರು ರಿಟೈರ್ ಆಗುವ ಮೊದಲು 5 ವರ್ಷ ಅದರಲ್ಲಿ ಇದ್ದರೆ, ಆಮೇಲೂ ವರ್ಷಕ್ಕೆ 120 ರೂಪಾಯಿ ಕಟ್ಟಿ ಗಂಡ ಹೆಂಡತಿ ಇಬ್ಬರೂ ಚಿಕಿತ್ಸೆ ಪಡೆಯಬಹುದು. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ.

ಪಿಎಫ್ ಇಲ್ಲದವರು

ನಮ್ಮಲ್ಲಿ ಇವರೇ ಹೆಚ್ಚು. ಶ್ರಮಯೋಗಿ ಮಾನಧನ್, ಅಟಲ್ ಪಿಂಚಣಿ ಇವೆಲ್ಲ 40 ದಾಟುವ ಮೊದಲು ಸೇರುವಂಥವು. ನಿಮಗೆ ಬಾಗಿಲು ಮುಚ್ಚಿದೆ, ಮಗನಿಗೋ ಕ್ಲೀನರ್ ಹುಡುಗನಿಗೋ ಹೇಳಿ. ನಿಮಗೆ ಉಳಿದದ್ದು ಇಷ್ಟು. ಅಸಂಘಟಿತ ಕಾರ್ಮಿಕರಿಗೆ ಕೊಡುವ ಇ-ಶ್ರಮ್ ಕಾರ್ಡ್ 59ರ ಒಳಗೆ ಮಾಡಿಸಿಕೊಳ್ಳಿ. 2024ರಲ್ಲಿ ರಾಜ್ಯ ಸರ್ಕಾರ ಮೋಟಾರು ಸಾರಿಗೆ ಕಾರ್ಮಿಕರಿಗೆ ಅಂತಲೇ ಕಾನೂನು ಮಾಡಿ ಕಲ್ಯಾಣ ಮಂಡಳಿ ಮಾಡಿದೆ, ಡ್ರೈವರ್, ಕ್ಲೀನರ್, ಗ್ಯಾರೇಜಿನವರು ಎಲ್ಲ ಅದರಲ್ಲಿ ಬರುತ್ತಾರೆ. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 5 ಲಕ್ಷ ಪರಿಹಾರ ಇದೆ. ಗಾಡಿ ಓಡಿಸುತ್ತಿರುವಾಗಲೇ ಕಾರ್ಮಿಕ ಇಲಾಖೆ ಆಫೀಸಿಗೆ ಹೋಗಿ ಹೆಸರು ಬರೆಸಿ, ಬಿಟ್ಟ ಮೇಲೆ ಹೋಗಿ ಪ್ರಯೋಜನ ಇಲ್ಲ.

60 ದಾಟಿದ ಮೇಲೆ ವೃದ್ಧಾಪ್ಯ ವೇತನ, 65 ದಾಟಿದ ಮೇಲೆ ಸಂಧ್ಯಾ ಸುರಕ್ಷಾ ತಿಂಗಳಿಗೆ 1,200. ಆದಾಯದ ಮಿತಿ ವರ್ಷಕ್ಕೆ 32,000. ನಾಡಕಚೇರಿಯಲ್ಲಿ ಅರ್ಜಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಮನೆಗೆಲ್ಲ ಸೇರಿ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ. ಲಾರಿ ನಿಮ್ಮ ಹೆಸರಲ್ಲಿದ್ದರೆ ಬಿಪಿಎಲ್ ಕಾರ್ಡಿಗೆ ತೊಡಕಾಗಬಹುದು, ಮಾರಿದ್ದರೂ ಹೆಸರು ಬದಲಾಗದೆ ಉಳಿದಿದ್ದರೆ ಕೂಡ.

ಬ್ಯಾಂಕಿನವರು ವರ್ಷಕ್ಕೆ 20 ರೂಪಾಯಿ ಮುರಿದುಕೊಳ್ಳುವ ಅಪಘಾತ ವಿಮೆ 70ರ ತನಕ ನಡೆಯುತ್ತದೆ, 2 ಲಕ್ಷ. ಅದನ್ನು ನಿಲ್ಲಿಸಬೇಡಿ. ಆದರೆ 436 ರೂಪಾಯಿಯ ಜೀವನ ಜ್ಯೋತಿ 55ಕ್ಕೆ ನಿಂತುಹೋಗುತ್ತದೆ. ಇದೆ ಅಂತ ನಂಬಿ ಕೂತವರನ್ನು ನೋಡಿದ್ದೇನೆ.

ಹಳೇ ಕೇಸು, ಹಳೇ ಚಲನ್

ಇದನ್ನು ಯಾರೂ ಹೇಳಿಕೊಡುವುದಿಲ್ಲ. ಹದಿನೈದು ವರ್ಷದ ಹಿಂದೆ ಸೋಲಾಪುರದ ಹತ್ತಿರವೋ ಸಂಕೇಶ್ವರದ ಹತ್ತಿರವೋ ಸಣ್ಣ ಆಕ್ಸಿಡೆಂಟ್ ಆಗಿತ್ತು, ಮಾಲಕರು ಜಾಮೀನು ಕೊಡಿಸಿ ಬಿಡಿಸಿಕೊಂಡು ಬಂದರು, ವಕೀಲರು ನೋಡ್ಕೋತಾರೆ ಅಂದರು. ಆಮೇಲೆ ಮಾಲಕರೂ ಬದಲಾದರು, ವಕೀಲರು ಯಾರು ಅಂತಲೂ ನೆನಪಿಲ್ಲ. ಕೇಸು ಮಾತ್ರ ಕೋರ್ಟಿನಲ್ಲಿ ನಿಮ್ಮ ಹೆಸರಲ್ಲೇ ಇದೆ, ತಾರೀಖಿಗೆ ಹೋಗದೆ ವಾರಂಟ್ ಆಗಿದೆ. ಅರವತ್ತೆರಡಕ್ಕೆ ಮನೆಯಲ್ಲಿ ರೊಟ್ಟಿ ತಿನ್ನುತ್ತಾ ಕೂತಿರುವಾಗ ಪೊಲೀಸರು ಬಾಗಿಲಿಗೆ ಬಂದರೆ ಓಣಿಯಲ್ಲಿ ಮರ್ಯಾದೆ ಏನಾಗಬೇಕು?

ಇ-ಕೋರ್ಟ್ಸ್ ಆ್ಯಪ್‌ನಲ್ಲಿ ರಾಜ್ಯ, ಜಿಲ್ಲೆ ಆರಿಸಿ, ನಿಮ್ಮ ಹೆಸರು ಅಥವಾ ಎಫ್‌ಐಆರ್ ನಂಬರ್ ಹಾಕಿ ಹುಡುಕಿ. ಕರ್ನಾಟಕ ಅಷ್ಟೇ ಅಲ್ಲ, ಮಹಾರಾಷ್ಟ್ರ, ಗೋವಾ, ತೆಲಂಗಾಣ, ನೀವು ಓಡಾಡಿದ ಕಡೆಯೆಲ್ಲ ನೋಡಿ. ಸಿಕ್ಕರೆ ಅದೇ ಊರಿನ ವಕೀಲರನ್ನು ಹಿಡಿದು ಮುಗಿಸಿಕೊಳ್ಳಿ. ಸಣ್ಣಪುಟ್ಟ ದಂಡದ ಕೇಸಾದರೆ ಲೋಕ್ ಅದಾಲತ್‌ನಲ್ಲಿ ಬೇಗ ಮುಗಿಯುತ್ತದೆ. ಚಲನ್‌ಗಳನ್ನು ಪರಿವಾಹನ್ ಸೈಟಿನಲ್ಲಿ ಲೈಸನ್ಸ್ ನಂಬರ್ ಹಾಕಿ ನೋಡಬಹುದು.

ಮಾಲಕರ ಜೊತೆಗಿನ ಲೆಕ್ಕವೂ ಹಾಗೇ. ಅಡ್ವಾನ್ಸ್ ಎಷ್ಟು, ಬಾಕಿ ಎಷ್ಟು, ಬಾಯಿಮಾತಲ್ಲಿ ಬಿಡದೆ ಒಂದು ಹಾಳೆಯಲ್ಲಿ ಬರೆಸಿ ಇಬ್ಬರೂ ಸಹಿ ಮಾಡಿ. ಇಪ್ಪತ್ತು ವರ್ಷದ ಸಂಬಂಧ ಅಂತ ಸಂಕೋಚ ಆಗುತ್ತದೆ, ನಿಜ. ಆದರೆ ನಾಳೆ ಲೆಕ್ಕ ನೋಡುವವರು ಅವರಲ್ಲ, ಅವರ ಮಗ.

ಸ್ವಂತ ಲಾರಿ ಇದ್ದರೆ

ನೀವು ಇಳಿದ ಮೇಲೆ ಬೇರೆ ಡ್ರೈವರ್ ಇಟ್ಟು ಗಾಡಿ ಓಡಿಸೋಣ ಅಂತ ಅನಿಸುತ್ತದೆ. ನನ್ನ ಮಟ್ಟಿಗೆ ಹೇಳೋದಾದರೆ, ಒಂದೇ ಗಾಡಿ ಇರುವವರು ಮಾರೋದೇ ಒಳ್ಳೆಯದು. ನೀವೇ ಸ್ಟೇರಿಂಗ್ ಮೇಲೆ ಇದ್ದಾಗ ಉಳಿಯುತ್ತಿದ್ದದ್ದು ನಿಮ್ಮ ಕೂಲಿ. ಅದನ್ನು ಇನ್ನೊಬ್ಬರಿಗೆ ಕೊಟ್ಟ ಮೇಲೆ ಟೈರು, ಟ್ಯಾಕ್ಸು, ಇನ್ಶೂರೆನ್ಸು ಹೋಗಿ ಏನು ಉಳಿಯುತ್ತದೆ ಅಂತ ಒಂದು ಸಲ ಕೂತು ಬರೆದು ನೋಡಿ. ಗಾಡಿಗೆ 8 ವರ್ಷ ದಾಟಿದರೆ ಪ್ರತಿ ವರ್ಷ ಪಾಸಿಂಗ್, ಅಂದರೆ ಫಿಟ್‌ನೆಸ್ ತಪಾಸಣೆ. ನ್ಯಾಷನಲ್ ಪರ್ಮಿಟ್ ಸಾಮಾನ್ಯ ಲಾರಿಗೆ 12 ವರ್ಷ, ಮಲ್ಟಿ ಆ್ಯಕ್ಸಲ್‌ಗೆ 15 ವರ್ಷದ ತನಕ ಮಾತ್ರ. ಆ ಗಡಿ ದಾಟಿದರೆ ಗಾಡಿ ಕಲ್ಲು ಮರಳಿಗೆ ಇಳಿಯುತ್ತದೆ, ರೇಟೂ ಇಳಿಯುತ್ತದೆ. ಹಾಗಾಗಿ ಮಾರೋದಾದರೆ ಪರ್ಮಿಟ್ ವಯಸ್ಸು ಮುಗಿಯೋಕೆ ಒಂದೆರಡು ವರ್ಷ ಇರುವಾಗಲೇ ಮಾರಿ.

ಮಾರುವಾಗ ಬ್ರೋಕರ್ ಕೈಗೆ ಹೆಸರು ಬದಲಾವಣೆಯ ಖಾಲಿ ಫಾರ್ಮ್ 29, 30ರ ಮೇಲೆ ಸಹಿ ಹಾಕಿ ಕೊಟ್ಟು ದುಡ್ಡು ಎಣಿಸಿಕೊಂಡು ಬರಬೇಡಿ. ಆ ಬ್ರೋಕರ್ ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ಅಂತ ಗಾಡಿ ಮೂರು ಕೈ ದಾಟುತ್ತದೆ, ಆರ್‌ಸಿಯಲ್ಲಿ ಹೆಸರು ನಿಮ್ಮದೇ ಇರುತ್ತದೆ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲಕರು, ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೂ ಹೀಗೇ ಕೈಯಿಂದ ಕೈಗೆ ಮಾರಿದ ಗಾಡಿಯ ಕೇಸಿನಲ್ಲೇ. ಇನ್ಶೂರೆನ್ಸ್ ಇಲ್ಲದ ಗಾಡಿ ಯಾರಿಗಾದರೂ ಗುದ್ದಿದರೆ ನಿಮ್ಮ ಹೊಲ ಮನೆಗೆ ಬರುತ್ತದೆ.

ಅದಕ್ಕೇ, ತಗೊಳ್ಳುವವರ ಹೆಸರು ಫಾರ್ಮಿನಲ್ಲಿ ತುಂಬಿದ ಮೇಲೆಯೇ ಸಹಿ. ಸಾಲ ಇದ್ದದ್ದು ತೀರಿದ್ದರೆ ಬ್ಯಾಂಕಿನಿಂದ ಎನ್‌ಓಸಿ ಮತ್ತು ಫಾರ್ಮ್ 35 ತಂದು ಮೊದಲು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿ. ಗಿರಾಕಿ ಸೋಲಾಪುರದವರೋ ಕೊಲ್ಹಾಪುರದವರೋ ಆದರೆ ಫಾರ್ಮ್ 28ರ ಎನ್‌ಓಸಿ ಬೇಕು. ರಾಜ್ಯದೊಳಗೆ ಮಾರಿದರೆ 14 ದಿನದೊಳಗೆ ಆರ್‌ಟಿಓಗೆ ನೀವು ತಿಳಿಸಬೇಕು. ಗಾಡಿ ಒಪ್ಪಿಸಿದ ದಿನ, ಗಂಟೆ, ಮೀಟರಿನಲ್ಲಿ ಎಷ್ಟು ಕಿಲೋಮೀಟರ್ ಇದೆ ಅಂತ ಬರೆದು, ತಗೊಂಡವರ ಆಧಾರ್ ಪ್ರತಿ ಇಟ್ಟುಕೊಂಡು ಸಹಿ ಮಾಡಿಸಿಕೊಳ್ಳಿ. ಗಾಜಿನ ಮೇಲಿನ ಫಾಸ್ಟ್ಯಾಗ್ ಕಿತ್ತು ಬ್ಯಾಂಕಿನಲ್ಲಿ ಬಂದ್ ಮಾಡಿಸಿ, ಇಲ್ಲದಿದ್ದರೆ ಅವರು ಟೋಲ್ ದಾಟಿದಾಗಲೆಲ್ಲ ನಿಮ್ಮ ಫೋನು ಟಿಂಗ್ ಅನ್ನುತ್ತದೆ. ಒಂದು ತಿಂಗಳು ಬಿಟ್ಟು ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ಹೆಸರು ಬದಲಾಗಿದೆಯೇ ನೋಡಿ. ಆಗಿಲ್ಲ ಅಂದರೆ ಸುಮ್ನೆ ಇರಬೇಡಿ.

ಗಾಡಿ ಮಾರಿದ ದುಡ್ಡು ಬಂದ ವಾರವೇ ಮಗ ಹೊಸ ಗಾಡಿಗೆ ಡೌನ್ ಪೇಮೆಂಟ್ ಕೇಳುತ್ತಾನೆ, ಅಳಿಯ ಏನೋ ಧಂದೆ ಅಂತಾನೆ. ಕೊಡಬೇಡಿ ಅನ್ನಲ್ಲ. ನಿಮ್ಮ ಊಟದ್ದು ಮೊದಲು ತೆಗೆದಿಡಿ ಅಂತೀನಿ. 60 ದಾಟಿದವರಿಗೆ ಪೋಸ್ಟಾಫೀಸಿನಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ, ಮೂರು ತಿಂಗಳಿಗೊಮ್ಮೆ ಬಡ್ಡಿ ಖಾತೆಗೆ ಬರುತ್ತದೆ. 2023ರ ಏಪ್ರಿಲ್‌ನಲ್ಲಿ ಬಡ್ಡಿ ಶೇಕಡಾ 8.2 ಮಾಡಿದರು. ಆ ದರದಲ್ಲಿ 5 ಲಕ್ಷ ಇಟ್ಟರೆ ಮೂರು ತಿಂಗಳಿಗೆ 10,250. ಹಾಕುವ ದಿನ ದರ ಎಷ್ಟಿದೆ ಕೇಳಿಕೊಳ್ಳಿ, ಹಾಕಿದ ಮೇಲೆ 5 ವರ್ಷ ಅದೇ ಇರುತ್ತದೆ.

ಪೂರ್ತಿ ಬಿಡೋಕೆ ಆಗದವರಿಗೆ

ಒಮ್ಮೆಗೇ ಇಳಿಯೋದು ಕಷ್ಟ, ಮನೆ ನಡೀಬೇಕಲ್ಲ. ಊರಲ್ಲೇ ಇರುವ ಕೆಲಸ ನೋಡಿ. ಶಾಲೆ ಬಸ್ಸಿಗೆ ಹೆವಿ ಗಾಡಿಯ 5 ವರ್ಷದ ಅನುಭವ ಕೇಳುತ್ತಾರೆ, ಅದು ನಿಮ್ಮಲ್ಲಿ ಬೇಕಾದಷ್ಟಿದೆ. ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು, ರಾತ್ರಿ ಮನೆಯಲ್ಲಿ. ಆದರೆ ಕಣ್ಣು, ಶುಗರ್ ಸರಿ ಇದ್ದರೆ ಮಾತ್ರ, ಹಿಂದೆ ಮಕ್ಕಳು ಕೂತಿರುತ್ತಾರೆ. ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಲೋಡಿಂಗ್ ನೋಡಿಕೊಳ್ಳೋದು, ತಾಡಪತ್ರಿ ಹಗ್ಗ ಸರಿ ಕಟ್ಟಿದ್ದಾರಾ ನೋಡೋದು, ಹೊಸ ಹುಡುಗರಿಗೆ ಚೋರ್ಲಾ ಘಾಟ್ ಇಳಿಯುವಾಗ ಯಾವ ಗೇರಿನಲ್ಲಿ ಇರಬೇಕು ಅಂತ ಹೇಳಿಕೊಡೋದು, ಇಂಥ ಕೆಲಸಕ್ಕೆ ಹಳಬರು ಬೇಕೇ ಬೇಕು.

ಕಬ್ಬಿನ ಸೀಜನ್ ಮಾತ್ರ ಓಡಿಸ್ತೀನಿ, ಉಳಿದ ದಿನ ಆರಾಮ ಅಂತ ಹೇಳುವವರಿದ್ದಾರೆ. ನನಗೆ ಒಪ್ಪಿಗೆ ಇಲ್ಲ. ಓವರ್‌ಲೋಡು, ರಾತ್ರಿ ಪಾಳಿ, ಕಾರ್ಖಾನೆ ಮುಂದೆ ಚಳಿಯಲ್ಲಿ ಉದ್ದ ಸಾಲು. ವಯಸ್ಸಾದವರ ಕೆಲಸ ಅಲ್ಲ ಅದು.

ಮನೆಯಲ್ಲಿ

ಮೂವತ್ತು ವರ್ಷ ನೀವು ಮನೆಗೆ ನೆಂಟರ ಹಾಗೆ ಬಂದು ಹೋದಿರಿ. ಶಾಲೆ ಫೀಸು, ಸೊಸೈಟಿ ಸಾಲ, ಬೀಗರ ಮಾತುಕತೆ ಎಲ್ಲ ನಡೆಸಿದವರು ಮನೆಯವರು. "ಈ ಸಲ ಎಷ್ಟ್ ದಿನ ಇರ್ತೀರಿ?" ಅಂತ ಕೇಳಿಯೇ ರೂಢಿ ಅವರಿಗೆ. ಈಗ ಖಾಯಂ ಬಂದು ಕೂತು, ಗ್ಯಾಸ್ ಯಾಕೆ ಇಷ್ಟು ಬೇಗ ಮುಗೀತು, ಟಿವಿ ಯಾಕೆ ಇಷ್ಟು ಜೋರು ಅಂತ ಶುರು ಮಾಡಿದರೆ ಜಗಳ ಖಚಿತ. ಮೊದಲ ಕೆಲವು ತಿಂಗಳು ಅವರ ಪದ್ಧತಿಗೆ ನೀವು ಹೊಂದಿಕೊಳ್ಳಿ.

ನಿದ್ದೆ ಬೇಗ ಸರಿ ಹೋಗಲ್ಲ. ರಾತ್ರಿ ಎರಡಕ್ಕೆ ಎಚ್ಚರ ಆಗಿ ಧಾಬಾ ಚಹಾ ನೆನಪಾಗುತ್ತದೆ. ಮಧ್ಯಾಹ್ನ ಮಲಗೋದು ಕಡಿಮೆ ಮಾಡಿ, ಬೆಳಿಗ್ಗೆ ಒಂದು ತಾಸು ನಡೆಯಿರಿ. ಸ್ಟೇರಿಂಗ್ ಮೇಲೆ ನಿದ್ದೆ ಓಡಿಸೋಕೆ ಹಾಕುತ್ತಿದ್ದ ಗುಟ್ಕಾ ಈಗ ಯಾಕೆ ಬೇಕು, ನಿದ್ದೆ ಬಂದರೆ ಮಲಗಬಹುದಲ್ಲ?

ಕೊನೆಯ ಟ್ರಿಪ್ ಮುಗಿದ ದಿನ ಕ್ಯಾಬಿನ್‌ನಲ್ಲಿರುವ ನಿಮ್ಮ ಕಾಗದವೆಲ್ಲ ಒಂದು ಫೈಲಿಗೆ ಹಾಕಿ, ಅದು ಎಲ್ಲಿದೆ ಅಂತ ಮನೆಯವರಿಗೆ ತೋರಿಸಿ. ಪಿಎಫ್, ಬ್ಯಾಂಕ್, ಪೋಸ್ಟಾಫೀಸು ಎಲ್ಲದರಲ್ಲೂ ನಾಮಿನಿ ಯಾರಿದ್ದಾರೆ ನೋಡಿ. ಮದುವೆಗೆ ಮೊದಲು ಬರೆಸಿದ ತಾಯಿಯ ಹೆಸರೇ ಇನ್ನೂ ಇರುತ್ತದೆ ಕೆಲವರದ್ದು. ಪಿಎಫ್ ನಾಮಿನಿ ಆನ್‌ಲೈನ್‌ನಲ್ಲೇ ಬದಲಾಯಿಸಬಹುದು, ನಾಮಿನಿಯ ಫೋಟೋ, ಆಧಾರ್ ಬೇಕು. ಅದಕ್ಕೆ ಒಟಿಪಿ ನಿಮ್ಮ ಆಧಾರ್‌ಗೆ ಜೋಡಿಸಿದ ನಂಬರಿಗೇ ಬರೋದು. ಊರೂರಲ್ಲಿ ಸಿಮ್ ಬದಲಾಯಿಸಿ ಆ ನಂಬರ್ ಕಳೆದುಕೊಂಡಿದ್ದರೆ ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಈಗಿನ ನಂಬರ್ ಹಾಕಿಸಿ, ಉಳಿದದ್ದೆಲ್ಲ ಆಮೇಲೆ.